ಅಳತೆಪಟ್ಟಿಯೂ ಅಳಿವೆಯೂ

ಘಟ್ಟದ ಮೇಲಿನ ಕುಟುಂಬಗಳು ರಜೆಗೆ ಕಡಲಿಗಿಳಿಯುವುದು ಹೊಸತೇನಲ್ಲ. ಅಡಿಕೆ ಕೊಯ್ಲು ಮುಗಿದ ಮೇಲೆ, ಇಲ್ಲವೆ ಮಕ್ಕಳ ಪರೀಕ್ಷೆ ಕಳೆದ ಮೇಲೆ, ದೇವಿಮನೆ, ಹುಲಿಕಲ್, ಆಗುಂಬೆ ಘಾಟಿಗಳನ್ನಿಳಿದು ಗೋಕರ್ಣದಲ್ಲೋ ಮುರ್ಡೇಶ್ವರದಲ್ಲೋ ಮಲ್ಪೆಯಲ್ಲೋ ಒಂದೆರಡು ದಿನ ಇದ್ದು, ದೇವರ ದರ್ಶನ, ಸಮುದ್ರಸ್ನಾನಗಳನ್ನು ಮುಗಿಸಿ ಮರಳುವುದು ಹಳೆಯ ರೂಢಿ. ಈಚಿನ ವರ್ಷಗಳಲ್ಲಿ ಈ ರೂಢಿಗೆ ಗಾಳದ ಕೋಲೊಂದು ಸೇರಿಕೊಂಡಿದೆ. ಅಳಿವೆಯ ಕಲ್ಲುದಂಡೆಗಳ ಮೇಲೆ ನಿಂತು ಗಾಳ ಬೀಸುವ ಹವ್ಯಾಸಿಗಳು, ಪ್ರವಾಸಿಗರನ್ನು ಗಾಳ ಹಾಕಲೆಂದೇ ನೀರಿಗೊಯ್ಯುವ ದೋಣಿಗಳು ಕನ್ನಡ ಕರಾವಳಿಯಲ್ಲಿ ಈಗ ಅಪರೂಪವಲ್ಲ. ತಂದೆ ತಾಯಿ ಮಕ್ಕಳು ಒಟ್ಟಾಗಿ ನೀರಿನ ಮೇಲೆ ಕಳೆಯುವ ಅರ್ಧ ದಿನವನ್ನು ತಪ್ಪೆನ್ನಲು ಯಾವ ಕಾರಣವೂ ಇಲ್ಲ. ದೂರದರ್ಶನದ ಮುಂದೆ ಕಳೆಯುವ ದಿನಕ್ಕಿಂತ ಅದು ಎಷ್ಟೋ ಮೇಲು. ಆದರೆ ಹೊಟ್ಟೆಪಾಡಿಗಲ್ಲದೆ ಸಂತೋಷಕ್ಕಾಗಿ ಜೀವವೊಂದನ್ನು ನೀರಿನಿಂದ ಮೇಲೆತ್ತುವವನು ಯಾವ ಕಟ್ಟಳೆಗೆ ಒಳಪಡಬೇಕು? ಈ ಪ್ರಶ್ನೆ ಇಲ್ಲಿ ಇನ್ನೂ ಗಟ್ಟಿಯಾಗಿ ಕೇಳಿಬಂದಿಲ್ಲ. ಕೇಳಬೇಕಾದ ಇನ್ನೊಂದು ಪ್ರಶ್ನೆಯೂ ಇದೆ. ಅದು ಘಟ್ಟದ ಮೇಲಿನವರಿಗೇ ಹೆಚ್ಚು ಸಂಬಂಧಪಟ್ಟದ್ದು.

ಈ ಎರಡೂ ಪ್ರಶ್ನೆಗಳನ್ನು ಬಹುಕಾಲ ಎದುರಿಸಿದ ನಾಡೊಂದಿದೆ. ಅಮೆರಿಕದ ಫ್ಲಾರಿಡಾ ರಾಜ್ಯ. ಮೂರು ಕಡೆ ಕಡಲಿರುವ ಈ ರಾಜ್ಯದಲ್ಲಿ ಕುಟುಂಬ ಸಮೇತ ಗಾಳಕ್ಕೆ ಹೋಗುವುದು ಮಲೆನಾಡಿನಲ್ಲಿ ಜಾತ್ರೆಗೆ ಹೋದಷ್ಟೇ ಸಹಜ. ಅಲ್ಲಿ ಈ ಹವ್ಯಾಸಕ್ಕೆ ಎರಡು ಕವಲು. ಒಂದು ದಂಡೆಯ ಹತ್ತಿರದ್ದು: ಕಾಂಡ್ಲಾ ಗಿಡಗಳ ನಡುವಿನ ಕಾಲುವೆಗಳಲ್ಲಿ, ಸೊಂಟದುದ್ದದ ನೀರಿನಡಿಯ ಕಡಲಹುಲ್ಲಿನ ಬಯಲುಗಳ ಮೇಲೆ, ಚಪ್ಪಟೆ ತಳದ ಚಿಕ್ಕ ದೋಣಿಯಲ್ಲಿ ನಡೆಯುವಂಥದು. ಜೀವಂತ ಸಿಗಡಿಯನ್ನು ಕೊಕ್ಕೆಗೆ ಚುಚ್ಚಿ, ಮೇಲೊಂದು ಬೆಂಡು ಕಟ್ಟಿ, ಏಳೆಂಟು ವರ್ಷದ ಮಗುವೂ ಕೂತಲ್ಲಿಂದ ಆಡಬಹುದಾದ ಆಟವದು. ಇನ್ನೊಂದು ಆಳಸಮುದ್ರದ್ದು: ದಡ ಕಣ್ಮರೆಯಾಗುವಷ್ಟು ದೂರ, ಹತ್ತಾರು ಮೈಲಿ ಹೋಗಿ, ನೂರು ಅಡಿಗೂ ಮಿಕ್ಕ ಆಳದ ಬಂಡೆಗಳ ಮೇಲೆ ಗಾಳ ಇಳಿಬಿಡುವುದು. ಅದಕ್ಕೆ ದೊಡ್ಡ ದೋಣಿ ಬೇಕು, ನುರಿತ ನಾವಿಕ ಬೇಕು, ಅಲೆಗೆ ಹೊಟ್ಟೆ ತೊಳಸದ ದೇಹವೂ ಬೇಕು.

ದೋಣಿ ಯಾವುದೇ ಇರಲಿ, ಅದರಲ್ಲೊಂದು ಅಳತೆಪಟ್ಟಿ ಇರುತ್ತದೆ. ಹಿಡಿದ ಮೀನನ್ನು ಒದ್ದೆ ಕೈಯಲ್ಲಿ ಅದರ ಮೇಲೆ ಮಲಗಿಸಿ, ಮೂತಿಯಿಂದ ಬಾಲದ ತುದಿಯವರೆಗೆ ಅಳೆದು, ಆಮೇಲೆ ಅದರ ಹಣೆಬರಹ ನಿರ್ಧರಿಸಬೇಕು. ರೆಡ್‌ಫಿಶ್ ಎಂದು ಕರೆಯುವ, ಕರಾವಳಿಯ ಕಲ್ಲೂರಿನ ದಾಯಾದಿಯಾದ ಮೀನಿಗೆ ಅಲ್ಲಿಯ ಕಾನೂನು 18 ಇಂಚು ಮತ್ತು 27 ಇಂಚುಗಳೆಂಬ ಎರಡು ಗೆರೆಗಳನ್ನು ಎಳೆದಿದೆ. 18ಕ್ಕಿಂತ ಚಿಕ್ಕದಿದ್ದರೆ ಬಿಡಬೇಕು, 27ಕ್ಕಿಂತ ದೊಡ್ಡದಿದ್ದರೂ ಬಿಡಬೇಕು. ನಡುವಿನ ಗಾತ್ರದ್ದು ಸಿಕ್ಕರೆ ಒಬ್ಬರಿಗೆ ದಿನಕ್ಕೊಂದು.

ಚಿಕ್ಕದನ್ನು ಬಿಡುವುದು ಯಾರಿಗಾದರೂ ಅರ್ಥವಾದೀತು. ದೊಡ್ಡದನ್ನೇಕೆ ಬಿಡಬೇಕು? ಮಗು ಈ ಪ್ರಶ್ನೆ ಕೇಳಿಯೇ ಕೇಳುತ್ತದೆ, ಕೇಳಲಿ ಎಂದೇ ಆ ಎರಡನೆಯ ಗೆರೆ ಇದ್ದಂತಿದೆ. ರೆಡ್‌ಫಿಶ್‌ನ ಮರಿಗಳು ಬೆಳೆಯುವುದು ಅಳಿವೆಯ ಹುಲ್ಲಿನಲ್ಲಿ. ಮೂರು ನಾಲ್ಕು ವರ್ಷಕ್ಕೆ ಪ್ರಾಯಕ್ಕೆ ಬಂದಮೇಲೆ ಅಳಿವೆ ಬಿಟ್ಟು ಹೊರಗಡಲಿನ ದೊಡ್ಡ ಹಿಂಡುಗಳನ್ನು ಸೇರುತ್ತವೆ. ಅಲ್ಲಿ ಮೂವತ್ತು ವರ್ಷಕ್ಕೂ ಮೀರಿ ಬದುಕಿ ವರ್ಷವರ್ಷವೂ ಮೊಟ್ಟೆಯಿಡಬಲ್ಲವು. ಅಂದರೆ ದೊಡ್ಡ ಮೀನು ಆ ವಂಶದ ಬೀಜದ ಕಣಜ. ಸ್ನೂಕ್ ಎಂಬ ಇನ್ನೊಂದು ಮೀನಿನ ಕತೆ ಇದಕ್ಕಿಂತ ವಿಚಿತ್ರ. ಅದು ಗಂಡಾಗಿ ಬಾಳು ಆರಂಭಿಸಿ, ಬೆಳೆದ ಮೇಲೆ ಹೆಣ್ಣಾಗುತ್ತದೆ. ಗಾತ್ರದಲ್ಲಿ ದೊಡ್ಡದನ್ನೆಲ್ಲ ಹಿಡಿದು ತಿಂದರೆ ಉಳಿಯುವುದು ಗಂಡುಗಳ ಹಿಂಡು ಮಾತ್ರ. ಹಾಗಾಗಿ ಅದಕ್ಕೂ ಮೇಲುಗೆರೆಯುಂಟು. ಜೊತೆಗೆ ಅದು ಮೊಟ್ಟೆಯಿಡುವ ಬೇಸಿಗೆಯ ತಿಂಗಳುಗಳಲ್ಲಿ ಅದನ್ನು ಮನೆಗೊಯ್ಯುವಂತೆಯೇ ಇಲ್ಲ. 1957ರಿಂದ ಅದನ್ನು ಮಾರುವುದೂ ನಿಷಿದ್ಧ.

ಈ ಕಟ್ಟಳೆಗಳು ಯಾರದೋ ಸದ್ಬುದ್ಧಿಯಿಂದ ಹುಟ್ಟಿದವಲ್ಲ, ಮೀನು ಮುಗಿಯುತ್ತ ಬಂದಾಗ ಹುಟ್ಟಿದವು. 1980ರ ದಶಕದಲ್ಲಿ ನ್ಯೂ ಆರ್ಲಿಯನ್ಸ್‌ನ ಬಾಣಸಿಗ ಪಾಲ್ ಪ್ರುಡೋಮ್ ರೆಡ್‌ಫಿಶ್‌ಗೆ ಮಸಾಲೆ ಮೆತ್ತಿ, ಕಾದ ಬಾಣಲೆಯಲ್ಲಿ ಕಪ್ಪಗಾಗುವಂತೆ ಸೀಯಿಸುವ ಅಡುಗೆಯೊಂದನ್ನು ಜನಪ್ರಿಯಗೊಳಿಸಿದ. ದೇಶದ ಹೋಟೆಲುಗಳೆಲ್ಲ ಅದನ್ನೇ ಬೇಡತೊಡಗಿದವು. ಹೊರಗಡಲಿನ ತಾಯಿಹಿಂಡುಗಳಿಗೇ ಬಲೆ ಬಿತ್ತು. 1986ರಲ್ಲಿ ಮೆಕ್ಸಿಕೋ ಕೊಲ್ಲಿಯ ಕೇಂದ್ರ ಸರ್ಕಾರದ ವ್ಯಾಪ್ತಿಯ ನೀರಿನಲ್ಲಿ ಆ ಮೀನಿನ ವಾಣಿಜ್ಯ ಬೇಟೆಯನ್ನು ತುರ್ತಾಗಿ ನಿಲ್ಲಿಸಬೇಕಾಯಿತು. ಫ್ಲಾರಿಡಾ ಕೂಡ ಕೆಲಕಾಲ ಪೂರ್ತಿ ಮುಚ್ಚಿ, 1989ರಲ್ಲಿ ಒಬ್ಬರಿಗೆ ಒಂದೇ ಮೀನು ಎಂಬ ಷರತ್ತಿನೊಡನೆ ಮತ್ತೆ ತೆರೆಯಿತು. ಮೀನು ಮರಳಿತು ಎಂಬುದು ನಿಜ. ಒಂದು ಅಡುಗೆಯ ಹುಚ್ಚು ಕಡಲಿನ ಒಂದು ವಂಶವನ್ನು ಹೀಗೆ ಅಲ್ಲಾಡಿಸಿತೆಂಬುದನ್ನು ಹೋಟೆಲಿನ ಊಟದ ಪಟ್ಟಿ ನೋಡುವಾಗ ನೆನೆಯಬಹುದು.

ಇಷ್ಟು ಹೇಳಿದ ಮೇಲೆ ಹವ್ಯಾಸಿಗಳನ್ನು ಹಾಡಿಹೊಗಳಿ ಮುಗಿಸುವಂತಿಲ್ಲ. ಗಾಳದ ಮೀನುಗಾರಿಕೆ ನಿರುಪದ್ರವಿ, ಹಾಳುಮಾಡುವುದೆಲ್ಲ ಬಲೆ ಎಂಬ ನಂಬಿಕೆ ಅಲ್ಲಿಯೂ ಇತ್ತು. 2004ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಫೆಲಿಷಿಯಾ ಕೋಲ್ಮನ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕ ಈ ನಂಬಿಕೆಗೆ ಪೆಟ್ಟು ಕೊಟ್ಟಿತು. 2002ರಲ್ಲಿ ಅಮೆರಿಕದ ಕಡಲಿನಿಂದ ದಡ ಸೇರಿದ ಒಟ್ಟು ಮೀನಿನಲ್ಲಿ ಹವ್ಯಾಸಿಗಳ ಪಾಲು ಶೇಕಡಾ 4 ಮಾತ್ರ. ಆದರೆ ಈಗಾಗಲೇ ಕ್ಷೀಣಿಸಿದ, ಕಾಳಜಿಗೆ ಪಾತ್ರವಾದ ಮೀನುಗಳನ್ನಷ್ಟೇ ಎಣಿಸಿದರೆ ಅವರ ಪಾಲು ಶೇಕಡಾ 23ಕ್ಕೇರುತ್ತದೆ. ಮೆಕ್ಸಿಕೋ ಕೊಲ್ಲಿಯಲ್ಲಂತೂ ಶೇಕಡಾ 64. ಒಂದು ಕುಟುಂಬ ಹಿಡಿಯುವುದು ನಾಲ್ಕೇ ಮೀನು, ಆದರೆ ಕುಟುಂಬಗಳು ಲಕ್ಷಗಟ್ಟಲೆ. ಅವರೆಲ್ಲರೂ ಅದೇ ನಾಲ್ಕಾರು ಜಾತಿಯ ರುಚಿಯಾದ ಮೀನುಗಳನ್ನೇ ಅರಸುತ್ತಾರೆ. 2017ರಲ್ಲಿ ಕೊಲ್ಲಿಯ ಕೆಂಪು ಸ್ನ್ಯಾಪರ್ ಮೀನಿಗೆ, ಅದು ಕರಾವಳಿಯ ಕೆಂಬೇರಿಯ ಬಳಗದ್ದು, ಖಾಸಗಿ ದೋಣಿಗಳ ಹವ್ಯಾಸಿಗಳಿಗೆ ಕೇಂದ್ರದ ನೀರಿನಲ್ಲಿ ಮೊದಲು ಸಿಕ್ಕ ಅವಧಿ ಇಡೀ ವರ್ಷಕ್ಕೆ ಮೂರೇ ದಿನ. ಗದ್ದಲವೆದ್ದು, ರಾಜಕಾರಣ ನುಗ್ಗಿ, ಆಮೇಲೆ ಅದನ್ನು ವಿಸ್ತರಿಸಿದರು.

ಹಿಡಿದು ಬಿಡುವುದರಲ್ಲಿಯೂ ಸಾವಿದೆ. ಆಳದಿಂದ ಬೇಗನೆ ಮೇಲೆಳೆದ ಮೀನಿನ ಗಾಳಿಚೀಲ ಒತ್ತಡ ಕಡಿಮೆಯಾದಂತೆ ಉಬ್ಬಿ, ಹೊಟ್ಟೆಯೇ ಬಾಯಿಂದ ಹೊರಬರುತ್ತದೆ, ಕಣ್ಣುಗಳು ಹೊರಚಾಚುತ್ತವೆ. ಅಂಥದನ್ನು ಮೇಲಿನಿಂದ ನೀರಿಗೆಸೆದರೆ ಅದು ಮುಳುಗಲಾರದೆ ತೇಲುತ್ತ ಹಕ್ಕಿಗಳಿಗೋ ಡಾಲ್ಫಿನ್‌ಗಳಿಗೋ ಆಹಾರವಾಗುತ್ತದೆ. ಭಾರ ಕಟ್ಟಿದ ಸಾಧನದಿಂದ ಅದನ್ನು ಮತ್ತೆ ಆಳಕ್ಕೆ ಇಳಿಸಿ ಬಿಡುವ ಕ್ರಮ ಈಗ ಬಳಕೆಗೆ ಬಂದಿದೆ. ಮೀನು ನುಂಗಿದರೂ ಕರುಳಿಗೆ ಸಿಕ್ಕದೆ ಬಾಯಂಚಿಗೆ ಸಿಕ್ಕುವ ದುಂಡು ಕೊಕ್ಕೆಗಳನ್ನು 2008ರಿಂದ ಕೊಲ್ಲಿಯಲ್ಲಿ ಬಂಡೆಮೀನಿನ ಗಾಳಕ್ಕೆ ಕಡ್ಡಾಯ ಮಾಡಿದರು. ಬಿಟ್ಟೆನೆಂಬ ಸಮಾಧಾನ ಬೇಕೆನ್ನುವವರು ಇಷ್ಟಾದರೂ ಕಲಿಯಬೇಕು. ಮೀನನ್ನು ಮರಳಿಗೆಳೆದು, ಬಿಸಿಲಲ್ಲಿ ಎತ್ತಿ ಹಿಡಿದು, ಮನೆಮಂದಿಯೆಲ್ಲ ಸರದಿಯಲ್ಲಿ ಫೋಟೊ ತೆಗೆಸಿಕೊಂಡು ಆಮೇಲೆ ನೀರಿಗೆ ಬಿಡುವುದನ್ನು ದಯೆ ಎನ್ನಲಾಗದು.

ಇನ್ನೊಂದು ಸಂಗತಿ ಕರಾವಳಿಯ ದೃಷ್ಟಿಯಿಂದ ಮುಖ್ಯವಾದದ್ದು. 1994ರ ನವೆಂಬರಿನಲ್ಲಿ ಫ್ಲಾರಿಡಾದ ಮತದಾರರು ರಾಜ್ಯದ ಸಂವಿಧಾನವನ್ನೇ ತಿದ್ದಿ ಮೀನನ್ನು ಸಿಕ್ಕಿಸುವ ಬೀಡುಬಲೆಗಳನ್ನು ನಿಷೇಧಿಸಿದರು. ಶೇಕಡಾ 72 ಮತ ಅದರ ಪರವಾಗಿ ಬಿತ್ತು. 1995ರ ಜುಲೈನಿಂದ ಜಾರಿಗೂ ಬಂತು. ಅದಕ್ಕಾಗಿ ಹಗಲಿರುಳು ದುಡಿದವರು ಹವ್ಯಾಸಿ ಗಾಳಗಾರರ ಸಂಘಟನೆಗಳು. ಮೀನಿಗೆ ಅದರಿಂದ ಉಪಕಾರವಾಯಿತೆಂದು ಹೇಳುವವರು ಅನೇಕರಿದ್ದಾರೆ. ಆದರೆ ತಲೆಮಾರುಗಳಿಂದ ಬಲೆಯನ್ನೇ ನಂಬಿದ್ದ ಕಾರ್ಟೆಜ್, ಸೀಡರ್ ಕೀ ಮೊದಲಾದ ಊರುಗಳ ಬದುಕು ಒಂದೇ ಮತದಾನದಲ್ಲಿ ಬುಡಮೇಲಾಯಿತು. ಸೀಡರ್ ಕೀಯ ಬಲೆಗಾರರಿಗೆ ಚಿಪ್ಪು ಕೃಷಿಯ ತರಬೇತಿ ಕೊಟ್ಟರು, ಅದು ಕೈಹಿಡಿಯಿತು. ಎಲ್ಲ ಊರುಗಳಿಗೂ ಆ ಭಾಗ್ಯ ಸಿಗಲಿಲ್ಲ. ವಾರಾಂತ್ಯದಲ್ಲಿ ಮೀನನ್ನು ಪ್ರೀತಿಸುವವರ ಸಂಖ್ಯೆ ಹೆಚ್ಚಿ, ದಿನವೂ ಮೀನಿನಿಂದ ಬದುಕುವವರ ಸಂಖ್ಯೆ ಕಡಿಮೆಯಾದಾಗ ಮತಪೆಟ್ಟಿಗೆ ಯಾರ ಕಡೆ ವಾಲೀತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ. ಕಾಡು ಉಳಿಸುವ ಹೆಸರಿನಲ್ಲಿ ಕಾಡಂಚಿನವರನ್ನೇ ಹೊರದೂಡಿದ ಪ್ರಸಂಗಗಳನ್ನು ಕಂಡ ಮಲೆನಾಡಿಗೆ ಈ ಅನ್ಯಾಯದ ಸ್ವರೂಪ ಬಿಡಿಸಿ ಹೇಳಬೇಕಾದುದಿಲ್ಲ. ಮಲ್ಪೆಯಲ್ಲೋ ತದಡಿಯಲ್ಲೋ ಗಾಳದ ಪ್ರವಾಸೋದ್ಯಮ ಬೆಳೆಯುವುದಾದರೆ ಅದು ನಾಡದೋಣಿಯವರ ಕೈಯಲ್ಲಿ, ಅವರ ಲಾಭಕ್ಕಾಗಿ ಬೆಳೆಯಬೇಕು. ಬಂಡವಾಳ ಹೂಡಿದ ಹೊರಗಿನವರ ಮೋಟಾರು ದೋಣಿಗಳು ಅಳಿವೆಯ ಬಾಯಲ್ಲಿ ಸಾಲುನಿಂತು, ಬೀಡುಬಲೆಯವರು ದೃಶ್ಯ ಕೆಡಿಸುತ್ತಾರೆಂದು ದೂರುವ ದಿನ ಬರಬಾರದು.

ಇಷ್ಟೆಲ್ಲ ಕಟ್ಟಳೆಗಳಿದ್ದೂ ಫ್ಲಾರಿಡಾದ ಅಳಿವೆಗಳು ಉಳಿದವೇ? ಮೇಲೆ ಹೇಳಿದ ಎರಡನೆಯ ಪ್ರಶ್ನೆ ಇರುವುದು ಇಲ್ಲಿಯೇ.

ರಾಜ್ಯದ ದಕ್ಷಿಣ ಭಾಗದಲ್ಲಿ ಓಕಿಚೋಬಿ ಎಂಬ ವಿಸ್ತಾರವಾದ ಸರೋವರವಿದೆ. ಮೊದಲು ಅದರ ನೀರು ದಕ್ಷಿಣದ ಅಂಚಿನಿಂದ ಉಕ್ಕಿ, ಎವರ್‌ಗ್ಲೇಡ್ಸ್ ಎಂಬ ಹುಲ್ಲಿನ ಜೌಗಿನ ಮೇಲೆ ಮೈಲಿಗಟ್ಟಲೆ ಅಗಲವಾಗಿ ತೆಳ್ಳಗೆ ಹರಿದು ಫ್ಲಾರಿಡಾ ಕೊಲ್ಲಿ ಸೇರುತ್ತಿತ್ತು. 1928ರಲ್ಲಿ ಮುಗಿದ ಟಮಿಯಾಮಿ ಹೆದ್ದಾರಿ ಆ ಹರಿವಿಗೆ ಅಡ್ಡಗೋಡೆಯಾಯಿತು. ಪ್ರವಾಹ ತಡೆಯಲು ಸರೋವರದ ಸುತ್ತ ಏರಿ ಎದ್ದಿತು, ಜೌಗು ಬತ್ತಿಸಿದಲ್ಲಿ ಕಬ್ಬು ಬೆಳೆಯಿತು. ದಕ್ಷಿಣಕ್ಕೆ ಹೋಗಬೇಕಾದ ನೀರನ್ನು ಪೂರ್ವ ಪಶ್ಚಿಮಗಳಿಗೆ, ಸೇಂಟ್ ಲೂಸಿ ಮತ್ತು ಕಲೂಸಹಾಚಿ ನದಿಗಳಿಗೆ, ಕಾಲುವೆ ತೋಡಿ ಬಿಟ್ಟರು. ಪರಿಣಾಮವಾಗಿ ಒಂದು ಅಳಿವೆಗೆ ಸಿಹಿನೀರು ಸಾಲದೆ ಉಪ್ಪು ಮಿತಿಮೀರಿತು, ಮಿಕ್ಕೆರಡಕ್ಕೆ ಗೊಬ್ಬರದ ಅಂಶ ತುಂಬಿದ ಸಿಹಿನೀರು ಬೇಡದ ಹೊತ್ತಿನಲ್ಲಿ ನುಗ್ಗಿತು. ಫ್ಲಾರಿಡಾ ಕೊಲ್ಲಿಯ ಕಡಲಹುಲ್ಲು 1987ರಲ್ಲಿ ಒಮ್ಮೆ, 2015ರ ಬರಗಾಲದಲ್ಲಿ ಮತ್ತೊಮ್ಮೆ ಎಕರೆಗಟ್ಟಲೆ ಸತ್ತು ಕೊಳೆಯಿತು. ಪೂರ್ವ ಕರಾವಳಿಯ ಇಂಡಿಯನ್ ರಿವರ್ ಹಿನ್ನೀರಿನಲ್ಲಿ ಊರುಗಳ ಮಲಗುಂಡಿಗಳ ಸೋರಿಕೆ, ಹುಲ್ಲುಹಾಸಿನ ಗೊಬ್ಬರ, ಮಳೆನೀರಿನ ಕೊಚ್ಚೆ ಸೇರಿ 2011ರಲ್ಲಿ ಪಾಚಿ ಉಕ್ಕೇರಿತು. ಬೆಳಕು ಕಾಣದೆ ಕಡಲಹುಲ್ಲು ನಾಶವಾಯಿತು. ಆ ಹುಲ್ಲನ್ನೇ ಮೇಯುವ ಕಡಲಹಸುಗಳು 2021ರಲ್ಲಿ ಹಸಿವಿನಿಂದ ನೂರುಗಟ್ಟಲೆ ಸತ್ತವು. 2022ರ ಸೆಪ್ಟೆಂಬರಿನಿಂದ ಆ ಹಿನ್ನೀರಿನಲ್ಲಿ ಒಂದೇ ಒಂದು ರೆಡ್‌ಫಿಶ್ ಅನ್ನೂ ಮನೆಗೊಯ್ಯಬಾರದೆಂಬ ಕಟ್ಟಳೆ ಬಂತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಪ್ಪ ಮಕ್ಕಳು ಶ್ರದ್ಧೆಯಿಂದ ಅಳೆದು ಬಿಟ್ಟ ಮೀನಿಗೆ ಕಡೆಗೆ ಅಡಗಿಕೊಳ್ಳಲು ಹುಲ್ಲೇ ಇಲ್ಲವಾಯಿತು.

ಆಮೇಲೆ ಗಾಳದ ದೋಣಿಯವರೇ ಮೇಲ್ಗಡೆಯ ನೀರಿನ ಬಗ್ಗೆ ಮಾತಾಡತೊಡಗಿದರು. ಪ್ರವಾಸಿ ಕುಟುಂಬಗಳನ್ನು ನೀರಿಗೊಯ್ದು ಬದುಕುವ ನಾವಿಕರು 2016ರಲ್ಲಿ 'ಕ್ಯಾಪ್ಟನ್ಸ್ ಫಾರ್ ಕ್ಲೀನ್ ವಾಟರ್' ಎಂಬ ಸಂಘಟನೆ ಕಟ್ಟಿ, ಸರೋವರದ ನೀರನ್ನು ಮತ್ತೆ ದಕ್ಷಿಣಕ್ಕೆ ಹರಿಸಿ ಎಂದು ಪಟ್ಟು ಹಿಡಿದರು. ಎವರ್‌ಗ್ಲೇಡ್ಸ್ ಪುನಶ್ಚೇತನದ ಕಾನೂನು 2000ದಲ್ಲೇ ಆಗಿತ್ತು, ಕೆಲಸ ಮಾತ್ರ ಆಮೆಯ ನಡೆ. 2013ರಲ್ಲಿ ಟಮಿಯಾಮಿ ಹೆದ್ದಾರಿಯ ಒಂದು ಮೈಲಿಯನ್ನು ಸೇತುವೆಯಾಗಿಸಿ ಅಡಿಯಲ್ಲಿ ನೀರಿಗೆ ದಾರಿ ಕೊಟ್ಟರು. ಕಟ್ಟಿದ್ದನ್ನು ಬಿಚ್ಚುವುದಕ್ಕೆ ಕಟ್ಟಿದ್ದಕ್ಕಿಂತ ಹೆಚ್ಚು ಹಣ, ಹೆಚ್ಚು ಕಾಲ ಬೇಕಾಗುತ್ತದೆ.

ಈ ಕತೆ ಓದುತ್ತ ಬಂದ ಮಲೆನಾಡಿನ ವಿದ್ಯಾರ್ಥಿಗೆ ಶರಾವತಿ ನೆನಪಾಗದಿರದು. 1964ರಲ್ಲಿ ಲಿಂಗನಮಕ್ಕಿ, ಮುಂದೆ ಗೇರುಸೊಪ್ಪೆ. ವಿದ್ಯುತ್ತಿಗಾಗಿ ಹಿಡಿದಿಟ್ಟ ನೀರು ವರ್ಷವಿಡೀ, ಬೇಸಿಗೆಯಲ್ಲಿಯೂ, ಟರ್ಬೈನ್ ಹಾದು ಹೊನ್ನಾವರದ ಅಳಿವೆಗೆ ಬೀಳುತ್ತದೆ. ಮೇಲ್ನೋಟಕ್ಕೆ ಇದು ಒಳಿತೆನಿಸಬಹುದು. ಆದರೆ ಅಳಿವೆಗೆ ಋತುಮಾನವಿದೆ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು ಎಂಬ ಏರಿಳಿತಕ್ಕೇ ಅಲ್ಲಿಯ ಜೀವಗಳು ಒಗ್ಗಿಕೊಂಡಿರುತ್ತವೆ. ಉಪ್ಪು ಏರದ ಶರಾವತಿ ಅಳಿವೆಯಲ್ಲಿ ಬಳಚು ಚಿಪ್ಪಿನ ಸುಗ್ಗಿ ಕುಸಿದುದನ್ನು, ಅಣೆಕಟ್ಟಿಲ್ಲದ ಅಘನಾಶಿನಿಗೆ ಹೋಲಿಸಿದರೆ ಅಲ್ಲಿ ಮೀನಿನ ಜಾತಿಗಳೂ ಕಡಿಮೆಯಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಶಿರಸಿಯ ಬಳಿ ಹುಟ್ಟಿ ಸುಮಾರು 120 ಕಿಲೋಮೀಟರ್ ತಡೆಯಿಲ್ಲದೆ ಹರಿಯುವ ಅಘನಾಶಿನಿಯ ಬಾಯಲ್ಲಿ ಇಂದಿಗೂ ಇಳಿತದ ಹೊತ್ತಿಗೆ ಹೆಂಗಸರು ಬಳಚು ಹೆಕ್ಕುತ್ತಾರೆ. ಗಜನಿಗಳಲ್ಲಿ ಕಗ್ಗ ಭತ್ತ ಬೆಳೆದ ಮೇಲೆ ಸಿಗಡಿ ಬೆಳೆಯುತ್ತದೆ. 2024ರ ಜನವರಿಯಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿ ಸೇರಿತು. ಎರಡು ನದಿಗಳ ಬಾಯಿಗಳ ನಡುವೆ ಒಂದೆರಡು ಗಂಟೆಯ ಹಾದಿಯೂ ಇಲ್ಲ. ಘಟ್ಟದಲ್ಲಿ ಮಾಡಿದ್ದು ಕಡಲಲ್ಲಿ ಹೇಗೆ ಕಾಣುತ್ತದೆಂಬುದನ್ನು ತಿಳಿಯಲು ಕಾಲೇಜಿನ ಮಕ್ಕಳಿಗೆ ಇಷ್ಟು ಹತ್ತಿರದ, ಇಷ್ಟು ಸ್ಪಷ್ಟವಾದ ಪಾಠ ಬೇರೆಲ್ಲಿ ಸಿಕ್ಕೀತು?

ದೊಡ್ಡ ಟ್ರಾಲ್ ಬಲೆಗಳು ಬೆರಳುದ್ದದ ಮರಿಗಳನ್ನು ಟನ್ನುಗಟ್ಟಲೆ ಬಾಚಿ ಮೀನುಹುಡಿಯ ಕಾರ್ಖಾನೆಗೆ ಸಾಗಿಸುತ್ತಿರುವಾಗ ರಜೆಗೆ ಬಂದ ಕುಟುಂಬದ ಗಾಳಕ್ಕೆ ಅಳತೆಪಟ್ಟಿ ಹಿಡಿಯುವುದು ನಗೆಪಾಟಲಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಮಾತೇ. ಆ ಬಲೆಗಳ ಕಣ್ಣಿನ ಅಳತೆಯನ್ನು ಬಿಗಿಗೊಳಿಸುವುದು ಸರ್ಕಾರದ ಮೊದಲ ಕರ್ತವ್ಯ. ಅದಕ್ಕೆ ಬದಲಾಗಿ ಹವ್ಯಾಸಿಗಳಿಗೆ ಪರವಾನಗಿ ಚೀಟಿ ಹಂಚಿ ಕೈತೊಳೆದುಕೊಳ್ಳುವಂತಿಲ್ಲ. ಆದರೆ ಮೋಜಿಗಾಗಿ ಹಿಡಿಯುವವನಿಗೆ ಹೊಟ್ಟೆಪಾಡಿನ ನೆಪವೂ ಇಲ್ಲ ಎಂಬುದನ್ನು ಮರೆಯಬಾರದು. ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳು ಜೂನ್ ಮತ್ತು ಜುಲೈನ 61 ದಿನ ದಡದಲ್ಲಿ ನಿಲ್ಲುತ್ತವೆ, ಆ ದಿನಗಳ ಕಷ್ಟ ಅದರ ಕೂಲಿಯವರಿಗೆ ಗೊತ್ತು. ಕರ್ನಾಟಕದ 1986ರ ಕಡಲ ಮೀನುಗಾರಿಕೆ ಕಾಯಿದೆ ದೋಣಿ ಬಲೆಗಳನ್ನು ಕಣ್ಣಮುಂದಿಟ್ಟು ಬರೆದದ್ದು, ಪ್ರವಾಸಿಯ ಗಾಳವನ್ನಲ್ಲ. ಅಮೆರಿಕದಲ್ಲಿ 1950ರ ಕಾನೂನಿನ ಪ್ರಕಾರ ಗಾಳದ ಬಹುಪಾಲು ಸಾಮಗ್ರಿಯ ಮೇಲೆ ಶೇಕಡಾ 10ರಷ್ಟು ಸುಂಕ ವಸೂಲಾಗಿ ಮೀನಿನ ಪುನಶ್ಚೇತನಕ್ಕೇ ಹೋಗುತ್ತದೆ. ಇಲ್ಲಿ ಅಂಗಡಿಯಲ್ಲಿ ಕೊಂಡ ಗಾಳದ ಕೋಲಿನ ತೆರಿಗೆಯಿಂದ ಕಾಂಡ್ಲಾ ಗಿಡವೊಂದು ನೆಟ್ಟದ್ದುಂಟೇ?

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಅಳಿವೆಗೆ ಗಾಳ ಹಾಕಲು ಹೋಗುವ ಕುಟುಂಬ ಊರಿನ ನಾಡದೋಣಿಯವನನ್ನೇ ಜೊತೆಗೆ ಕರೆದುಕೊಂಡರೆ, ಯಾವ ಮೀನು ಯಾವ ತಿಂಗಳಲ್ಲಿ ಮೊಟ್ಟೆ ತುಂಬಿಕೊಂಡಿರುತ್ತದೆ ಎಂಬುದನ್ನು ಅವನೇ ಹೇಳುತ್ತಾನೆ. ಮಕ್ಕಳ ಶಾಲೆಯ ಅಡಿಪಟ್ಟಿಯೇ ಅಳತೆಗೆ ಸಾಕು. ಕಲ್ಲಿಗೆ ಸಿಕ್ಕು ತುಂಡಾದ ನೈಲಾನ್ ದಾರವನ್ನು ಅಲ್ಲೇ ಬಿಟ್ಟರೆ ಹಕ್ಕಿಯ ಕಾಲಿಗೂ ಆಮೆಯ ಕೊರಳಿಗೂ ಉರುಳಾಗುತ್ತದೆ, ಅದನ್ನು ಸುತ್ತಿ ಮನೆಗೆ ತರಬೇಕು. ಹಾಗೆಯೇ, ಕಡಲಿನ ಗಾಳವನ್ನು ಟೀಕಿಸುವ ಮಲೆನಾಡು ತನ್ನ ಹಳ್ಳಗಳ ಕಡೆಗೂ ನೋಡಿಕೊಳ್ಳುವುದು ಲೇಸು. ಮೊದಲ ಮಳೆಗೆ ಹೊಳೆಯಿಂದ ಗದ್ದೆಯಂಚಿಗೆ ಏರಿ ಬರುವ ಹತ್ತುಮೀನನ್ನು ರಾತ್ರಿ ಟಾರ್ಚು ಹಿಡಿದು, ಕತ್ತಿಯಿಂದ ಕಡಿದು, ಕೂಳಿಯಿಟ್ಟು ಹಿಡಿಯುವುದು ಮನೆಮಂದಿಗೆಲ್ಲ ಹಬ್ಬವೇ ಸರಿ. ಆ ಮೀನು ಏರಿ ಬರುವುದು ಮೊಟ್ಟೆಯಿಡಲು. ಹಿಂದೆ ಹಳ್ಳಕ್ಕೆ ಹತ್ತು ಜನ ಇಳಿಯುತ್ತಿದ್ದರು, ಈಗ ಪೇಟೆಯಿಂದ ಜೀಪುಗಳೇ ಬರುತ್ತವೆ. ಫ್ಲಾರಿಡಾದ ಮೇಲುಗೆರೆಯ ತರ್ಕ ಇಲ್ಲಿಗೂ ಸಲ್ಲುತ್ತದೆ.

ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್, ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವುದು ಮೊದಲಾದ ಪ್ರಸ್ತಾವಗಳ ಬಗ್ಗೆ ಸಭೆ, ಅಹವಾಲುಗಳು ನಡೆದಾಗಲೆಲ್ಲ ಮುಳುಗುವ ಕಾಡಿನ ಎಕರೆ, ಕಡಿಯುವ ಮರಗಳ ಸಂಖ್ಯೆ ಚರ್ಚೆಗೆ ಬರುತ್ತವೆ. ಹೊನ್ನಾವರದಲ್ಲಿ, ಗಂಗಾವಳಿಯ ಬಾಯಲ್ಲಿ ಏಪ್ರಿಲ್ ತಿಂಗಳಿನ ನೀರಿನ ಉಪ್ಪೆಷ್ಟು, ಮರಿಮೀನು ಯಾವುವು, ಯೋಜನೆಯ ನಂತರ ಅವು ಏನಾಗುತ್ತವೆ ಎಂಬ ಪುಟವನ್ನೂ ಆ ಸಭೆಗಳಲ್ಲಿ ಎದ್ದುನಿಂತು ಕೇಳಬೇಕು. ಉಪ್ಪಿನಂಶ ಅಳೆಯುವ ಸರಳ ಉಪಕರಣಗಳು ಕಾಲೇಜಿನ ಪ್ರಯೋಗಾಲಯಕ್ಕೆ ಎಟುಕದ ಬೆಲೆಯವಲ್ಲ. ತಿಂಗಳಿಗೊಮ್ಮೆ, ಉಬ್ಬರದಲ್ಲೊಂದು ಸಲ ಇಳಿತದಲ್ಲೊಂದು ಸಲ, ಎರಡೂ ಅಳಿವೆಗಳ ನೀರನ್ನು ಅಳೆದು ಬರೆದಿಡುವ ಕೆಲಸವನ್ನು ಶಿರಸಿ, ಸಿದ್ದಾಪುರ, ಸಾಗರ, ಕುಮಟಾ, ಹೊನ್ನಾವರಗಳ ವಿದ್ಯಾರ್ಥಿಗಳು ಈ ಬೇಸಿಗೆಯಿಂದಲೇ ಆರಂಭಿಸಬಹುದು. ಗಾಳದ ಕೋಲನ್ನೂ ಜೊತೆಗೊಯ್ದರೆ ಅಡ್ಡಿಯಿಲ್ಲ.